ಹನ್ನೊಂದು ಮಂದಿಯ ಚಳಿ

ನಮ್ಮ ಮನೆಯ ಮಜ್ಜಿಗೆ ತಣ್ಣಗಿರುವುದು ಹನ್ನೊಂದು ಜನ ಸೈನಿಕರಿಂದ. ಇದು ಊರಿಗೆಲ್ಲ ಗೊತ್ತಿರುವ ಮಾತು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಾಯಾರಿ ನಿಂತವರಿಗೆ ಯಾರಾದರೂ, ‘ಹಿಂಗ ನೆಟ್ಟಗ ಹೋಗ್ರಿ, ಬೇವಿನ ಗಿಡದ ಹತ್ರ ಮಿಲ್ಟ್ರಿ ಮಜ್ಜಿಗಿ ಅಂತ ಕೇಳ್ರಿ’ ಎಂದು ಕೈ ತೋರಿಸುತ್ತಾರೆ. ಆ ಹೆಸರು ನಾನಿಟ್ಟದ್ದಲ್ಲ. ಬೋರ್ಡು ಕೂಡ ಇಲ್ಲ. ನಸುಕಿನಲ್ಲಿ ಎದ್ದು ಮೊಸರು ಕಡೆದು, ಶುಂಠಿ ಜಜ್ಜಿ, ಇಬ್ಬರು ಹೆಣ್ಣುಮಕ್ಕಳ ತಲೆ ಬಾಚಿ, ಗಡಿಗೆಗಳನ್ನು ಸಂದೂಕಕ್ಕೆ ಇಳಿಸುವಷ್ಟರಲ್ಲಿ ಬಿಸಿಲು ಅಂಗಳಕ್ಕೆ ಬಂದಿರುತ್ತದೆ. ಬೋರ್ಡು ಬರೆಸುವ ಪುರುಸೊತ್ತು ಯಾರಿಗಿದೆ? ನನ್ನ ಗಂಡ ದೂರದ ಊರುಗಳಿಗೆ ಬಸ್ ಓಡಿಸುತ್ತಾರೆ. ವಾರಕ್ಕೊಮ್ಮೆ ಬರುತ್ತಾರೆ, ಬಂದವರೇ ಮಲಗುತ್ತಾರೆ, ಎದ್ದು ‘ಸಾವಂತ್ರಿ, ನೀ ಸೊರಗೀದಿ ನೋಡು’ ಎಂದು ಹೇಳಿ ಮತ್ತೆ ಹೋಗುತ್ತಾರೆ.

ಸಂದೂಕ ನನ್ನ ಅಪ್ಪನದು, ಮರದ ಪೆಟ್ಟಿಗೆ. ಆಳೆತ್ತರ ಉದ್ದ, ಸೊಂಟದೆತ್ತರ ಆಳ, ಒಳಗೆಲ್ಲ ತಗಡು. ಅದರ ಮುಚ್ಚಳದ ಒಳಮೈಗೆ ಆ ಫೋಟೋ ಬಡಿದಿದೆ. ಮುಚ್ಚಳ ಮುಚ್ಚಿದರೆ ಹನ್ನೊಂದು ಮಂದಿಯೂ ಗಡಿಗೆಗಳ ಮೇಲೆ ಮುಖ ಮಾಡಿ ಮಲಗಿದಂತೆ. ಯುದ್ಧ ನಡೆದಿದ್ದಾಗ ಯಾವುದೋ ಬೆಟ್ಟದ ತುದಿಯಲ್ಲಿ ತೆಗೆದದ್ದು: ಹಿಂದೆ ಹಿಮದ ಇಳಿಜಾರು, ಅರ್ಧ ಹೂತುಹೋದ ಒಂದು ಡೇರೆ, ಮುಂದೆ ಎರಡು ಸಾಲು. ಆರು ಜನ ನಿಂತಿದ್ದಾರೆ, ಐದು ಜನ ಕುಕ್ಕರಗಾಲಲ್ಲಿ ಕೂತಿದ್ದಾರೆ. ಕೂತವರ ನಡುವೆ ಇರುವವನು ನನ್ನ ಅಪ್ಪ ಫಕ್ಕೀರಪ್ಪ, ಆಗಿನ್ನೂ ಮದುವೆಯಾಗದ ಇಪ್ಪತ್ತನಾಲ್ಕರ ಹುಡುಗ. ಅವನ ಪಕ್ಕದಲ್ಲಿ ಹಿಮದ ಮೇಲೆ ಒಂದು ಅಲ್ಯುಮಿನಿಯಂ ಡಬ್ಬಿ. ಅಂದಿನ ಆ ಹಿಮಗಾಳಿ ಫೋಟೋದೊಳಗಿಂದ ಐವತ್ತಾರು ವರ್ಷಗಳಿಂದ ಒಂದೇ ಸಮ ಬೀಸುತ್ತಿದೆ. ಎರಡು ತಾಸು ಮುಚ್ಚಿಟ್ಟರೆ ಮಜ್ಜಿಗೆಯ ಮೇಲೆ ತೆಳ್ಳಗೆ ಪಾಪಡದಂಥ ಕೆನೆ ಕಟ್ಟುತ್ತದೆ, ಮಂಜಿನದು. ಕುಡಿದವರು ಖಾಲಿ ಲೋಟ ಕೆಳಗಿಡುವಾಗ ‘ಅವರು ಬೆಚ್ಚಗಿರಲಿ’ ಅನ್ನುವುದು ನಮ್ಮಲ್ಲಿ ರೂಢಿ. ಯಾರು ಶುರು ಮಾಡಿದರೋ ಗೊತ್ತಿಲ್ಲ. ಪೊಲೀಸರೂ ಅನ್ನುತ್ತಾರೆ.

ನಮ್ಮೂರಲ್ಲಿ ಫೋಟೋ ತೆಗೆಸುವವರು ಮುಖಕ್ಕಿಂತ ಮೊದಲು ಮುಗಿಲು ನೋಡುತ್ತಾರೆ. ಮದುವೆ ವೈಶಾಖದಲ್ಲಾದರೂ ಫೋಟೋ ಕಾರ್ತಿಕಕ್ಕೇ. ಆರು ತಿಂಗಳು ಕಳೆದು ಮತ್ತೆ ಬಾಸಿಂಗ ಕಟ್ಟಿಕೊಂಡು ನಿಲ್ಲುವಾಗ ಕೆಲವು ಮದುಮಕ್ಕಳ ಹೊಟ್ಟೆ ಹಾರಕ್ಕಿಂತ ಮುಂದಿರುತ್ತದೆ. ಜಿಟಿಜಿಟಿ ಮಳೆಯಲ್ಲಿ ತೆಗೆಸಿದ ಫೋಟೋದ ಕೆಳಗೆ ಒಂದು ಪರಾತ ಇಡಬೇಕು, ಗಾಳಿಯಲ್ಲಿ ತೆಗೆಸಿದ್ದರ ಎದುರು ದೀಪ ಹಚ್ಚಬಾರದು. ಸುಡುವ ಮಧ್ಯಾಹ್ನ ತೆಗೆದವೂ ಉಂಟು, ಅವು ಬಾಣಂತಿ ಕೋಣೆಗೆ ಮತ್ತು ಮಳೆಗಾಲದಲ್ಲಿ ಹಪ್ಪಳ ಒಣಗಿಸಲಿಕ್ಕೆ. ಕಚೇರಿಯ ಕಡತಗಳಲ್ಲಿ ಅರ್ಜಿಗೆ ಅಂಟಿಸಿದ ಸಣ್ಣ ಫೋಟೋಗಳಿಂದಾಗಿ ಕೆಲವು ಹಾಳೆ ತೇವ, ಕೆಲವು ಬೆಚ್ಚಗೆ. ಗುಮಾಸ್ತರು ಮುಟ್ಟಿಯೇ ಯಾರ ಅರ್ಜಿ ಅಂತ ಹೇಳುತ್ತಾರೆ. ಇಷ್ಟೆಲ್ಲದರ ಜೊತೆ ಪಾಲಿಸಬೇಕಾದದ್ದು ಒಂದೇ. ಫೋಟೋದಲ್ಲಿರುವ ಮನುಷ್ಯ ತನ್ನ ಫೋಟೋವನ್ನು ತಾನು ನೋಡಬಾರದು. ನೋಡಿದನೋ, ಆ ಕ್ಷಣಕ್ಕೆ ಅದರ ಹವೆ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ಹಾಗಾಗಿ ನಮ್ಮ ಮದುವೆಯ ಫೋಟೋ ಪಕ್ಕದ ಮನೆಯ ನಿಂಬೆವ್ವನ ಪಡಸಾಲೆಯಲ್ಲಿದೆ, ಅವಳದು ನಮ್ಮಲ್ಲಿದೆ. ಅವಳ ಗಂಡ ಚನ್ನಬಸಪ್ಪ ಒಮ್ಮೆ ಏಣಿ ಕೇಳಲು ಬಂದವನು, ಮದುವೆಯ ದಿನ ತನ್ನ ಮೀಸೆ ನೆಟ್ಟಗಿತ್ತೋ ಇಲ್ಲವೋ ಎಂದು ಕಣ್ಣೆತ್ತಿ ನೋಡಿಬಿಟ್ಟ. ಹದಿನೆಂಟು ವರ್ಷ ನಮ್ಮ ಪಡಸಾಲೆಗೆ ಬೀಸಿದ ಕಾರ್ತಿಕದ ಗಾಳಿ ಅಲ್ಲಿಗೆ ನಿಂತಿತು. ಇವತ್ತಿಗೂ ಅವನು ಊಟಕ್ಕೆ ಕೂತಾಗ ನಿಂಬೆವ್ವ, ‘ಮೀಸಿ ನೆಟ್ಟಗಿತ್ತೇನು?’ ಅಂತ ಕೇಳುತ್ತಾಳೆ. ಅವನು ಅನ್ನ ಕಲೆಸುತ್ತಾನೆ.

ಅಪ್ಪ ಮಾತ್ರ ನೋಡಲಿಲ್ಲ. ಯುದ್ಧ ಮುಗಿಸಿ ಬರುವಾಗ ಫೋಟೋವನ್ನು ಕಂಬಳಿಯಲ್ಲಿ ಸುತ್ತಿ ತಂದನಂತೆ. ರೈಲಿನಲ್ಲಿ ಎದುರು ಕೂತವರು ನಡುಗಿ ನಡುಗಿ ಬೇರೆ ಡಬ್ಬಿಗೆ ಹೋದರಂತೆ. ಸಾಯುವವರೆಗೂ, ಅಂದರೆ ಮೂರು ವರ್ಷದ ಹಿಂದಿನವರೆಗೂ, ಅವನು ಅದರ ಕಡೆ ಕಣ್ಣು ಹಾಕಲಿಲ್ಲ. ಆದರೆ ವರ್ಷಕ್ಕೊಂದು ಸಲ, ಸಂದೂಕಕ್ಕೆ ಸುಣ್ಣ ಹಚ್ಚುವ ದಿನ, ಮುಚ್ಚಳ ಎತ್ತಿ ನಿಲ್ಲಿಸಿ ತಾನು ಅದರ ಹಿಂದೆ ಕೂರುತ್ತಿದ್ದ. ಮುಂದೆ ನನ್ನನ್ನು ನಿಲ್ಲಿಸುತ್ತಿದ್ದ. ‘ನೋಡಿ ಹೇಳವ್ವಾ’ ಅನ್ನುತ್ತಿದ್ದ. ನಾನು ಹೇಳುತ್ತಿದ್ದೆ: ಡೇರೆ, ಹಿಮ, ಟೋಪಿಗಳು, ಬಂದೂಕುಗಳು. ಕೊನೆಗೆ ಅವನದೊಂದೇ ಪ್ರಶ್ನೆ. ‘ಎಲ್ಲಾರೂ ನಗಾಕತ್ತಾರೇನು? ಸರಿಯಾಗಿ ನೋಡು, ಅವಸರ ಮಾಡಬ್ಯಾಡ.’

ಮೊದಲ ಸಲ ಕೇಳಿದಾಗ ನನಗೆ ಏಳು ವರ್ಷ. ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವನು ನಗುತ್ತಿರಲಿಲ್ಲ. ಅದು ನನಗೆ ಕಂಡಿತ್ತು. ಆದರೆ ಮುಚ್ಚಳದ ಹಿಂದಿನಿಂದ ಬಂದ ಅಪ್ಪನ ದನಿ ಹೇಗಿತ್ತೆಂದರೆ, ಒಬ್ಬ ನಗುತ್ತಿಲ್ಲ ಅಂದರೆ ಅವನಿಗೆ ರಾತ್ರಿ ಊಟ ಸೇರುವುದಿಲ್ಲ ಅನ್ನಿಸಿತು. ಆ ಹನ್ನೊಂದು ಮಂದಿಯಲ್ಲಿ ಮೂವರು ಬೆಟ್ಟ ಇಳಿದು ಬರಲೇ ಇಲ್ಲ ಎಂದು ಅವ್ವ ಹೇಳಿದ್ದಳು. ‘ಎಲ್ಲಾರೂ ನಗಾಕತ್ತಾರಪ್ಪಾ’ ಅಂದೆ. ಅಪ್ಪ ‘ಹೂಂ’ ಅಂದ. ಆ ಹೂಂ ಸಮಾಧಾನದ್ದು ಎಂದುಕೊಂಡೆ. ಒಮ್ಮೆ ಹೇಳಿದ ಮೇಲೆ ಬದಲಿಸುವುದು ಹೇಗೆ? ಮೂವತ್ನಾಲ್ಕು ವರ್ಷ, ವರ್ಷಕ್ಕೊಂದು ಸಲ, ಅದನ್ನೇ ಹೇಳಿದೆ.

ಈ ಬೇಸಿಗೆಯಲ್ಲಿ, ಕಂಬಾರ ಓಣಿಯ ಮದುವೆಯ ಹಿಂದಿನ ದಿನ, ಒಬ್ಬ ಮುದುಕರು ಬಂದರು. ಸುಡುಬಿಸಿಲು. ಅವರ ತಲೆಯ ಮೇಲೆ ಉಣ್ಣೆಯ ಟೋಪಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಾಲಿಶ್ ಹಚ್ಚಿದ ಕ್ಯಾನ್ವಾಸ್ ಬೂಟು, ಬಗಲಲ್ಲಿ ಒಂದು ಚೀಲ. ಎಂಬತ್ತು ದಾಟಿದ ವಯಸ್ಸು, ಬೆನ್ನು ಮಾತ್ರ ಗೋಡೆಗೆ ಆನಿಸಿಟ್ಟ ಹಲಗೆಯಂತೆ ನೆಟ್ಟಗೆ. ಬೆಂಚಿನ ಮೇಲೆ ಕೂತು ಒಂದು ಲೋಟ ಕೇಳಿದರು. ನನ್ನ ದೊಡ್ಡವಳು ಕಸ್ತೂರಿ ತಂದುಕೊಟ್ಟಳು. ಅವರು ಕುಡಿಯಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಕೂತರು.

‘ಸಪ್ಪಗೈತೇನ್ರೀ ಅಜ್ಜಾರ? ಉಪ್ಪು ಹಾಕಲ್ಯಾ?’ ಅಂದೆ.

‘ಇಲ್ಲ ತಂಗಿ. ಈ ಚಳಿ ನನಗ ಪರಿಚಯದ್ದು’ ಎಂದರು.

ನಾನು ನಕ್ಕೆ. ಆಮೇಲೆ ಅವರ ಮುಖ ನೋಡಿ ನಗು ನಿಲ್ಲಿಸಿದೆ.

‘ಇದು ಫಕ್ಕೀರಪ್ಪನ ಮನಿ ಹೌದಲ್ಲೋ? ನೀ ಅವನ ಮಗಳು. ಮೂಗು ನೋಡಿದ್ರ ಗೊತ್ತಾಕ್ಕೈತಿ. ನಾ ಗಿರಿಮಲ್ಲಪ್ಪ ಅಂತ. ಹವಾಲ್ದಾರ್ ಗಿರಿಮಲ್ಲಪ್ಪ. ಆ ಫೋಟೋದಾಗ ನಾನೂ ಅದೇನಿ.’

ನಾನು ಏನು ಮಾಡಿದೆ ಎಂದರೆ, ಹೋಗಿ ಸಂದೂಕದ ಮೇಲೆ ಕೂತುಬಿಟ್ಟೆ. ಮನೆಗೆ ಬಂದ ಹಿರಿಯರ ಮುಂದೆ, ಅಪ್ಪನ ಜೊತೆಗಾರನ ಮುಂದೆ, ಕಾಲು ಮುಟ್ಟಿ ನಮಸ್ಕರಿಸುವ ಬದಲು ಕೋಳಿ ಮೊಟ್ಟೆಯ ಮೇಲೆ ಕೂತ ಹಾಗೆ. ಗಿರಿಮಲ್ಲಪ್ಪ ನನ್ನನ್ನೂ ಸಂದೂಕವನ್ನೂ ನೋಡಿದರು.

‘ಅಂದ್ರ ಅದು ಅಲ್ಲೇ ಐತಿ’ ಎಂದರು.

‘ನೋಡಾಕ ಬಂದೀರೇನ್ರೀ?’

‘ನೋಡಾಕನ ಬಂದೇನಿ.’

‘ನೀವು ನೋಡಿದ್ರ ನನ್ನ ಒಲಿ ಆರತೈತ್ರೀ.’

‘ನಿನ್ನದು ಒಲಿ ಅಲ್ಲಲ್ಲ ತಂಗಿ, ಉಲ್ಟಾ’ ಎಂದು ಅವರು ನಗಲು ನೋಡಿದರು. ನಾನು ನಗಲಿಲ್ಲ. ಅವರು ಲೋಟ ಪಕ್ಕಕ್ಕಿಟ್ಟು ಮೊಣಕಾಲು ಉಜ್ಜಿಕೊಂಡರು. ‘ಕೇಳು. ನಮ್ಮೂರು ಮ್ಯಾಲ ಗುಡ್ಡದಾಗೈತಿ. ಮುಂಜಾನೆ ಎದ್ರ ಈ ಕಾಲು ನನ್ನವಲ್ಲ ಅಂತ ಅನಸ್ತೈತಿ. ನನಗ ಸೊಸಿ ಕಂಬಳಿ ಹೊಚ್ಚತಾಳ, ಅಗ್ಗಿಷ್ಟಿ ಇಡತಾಳ. ಅವಾಗ ನೆನಪಾಗೂದು ಅವ್ರು. ಹತ್ತೂ ಮಂದಿ ಹೋಗ್ಯಾರ. ಹೋದ ಹಬ್ಬಕ್ಕ ಕೊನೆಯವನೂ ಹೋದ, ಕಾಗದ ಬಂತು. ಹೋದ ಮ್ಯಾಲೂ ಅಲ್ಲೇ ನಿಂತಾರಲ್ಲ ತಂಗಿ, ಆ ಗಾಳ್ಯಾಗ. ಹೊಚ್ಚಾಕ ಯಾರದಾರ? ನಾ ಒಮ್ಮೆ ನೋಡಿದ್ರ ಆತು, ಅವ್ರ ಚಳಿ ಬಿಡತೈತಿ. ನೋಡಾಕ ಬರುವವ ನಾ ಒಬ್ಬನ ಉಳದೇನಿ.’

ಮೂವತ್ತು ವರ್ಷದಿಂದ ಆ ಚಳಿಯ ಕೆಳಗೆ ಗಡಿಗೆ ಇಟ್ಟವಳು ನಾನು. ಅದು ಯಾರಿಗೋ ಹತ್ತುತ್ತಿರುವ ಚಳಿ ಎಂದು ಒಂದು ದಿನವೂ ನನ್ನ ತಲೆಗೆ ಹೊಳೆದಿರಲಿಲ್ಲ. ಕೂತಲ್ಲೇ ನನಗೆ ತೊಡೆಯ ಕೆಳಗೆ ಹಲಗೆ ಥಣ್ಣಗೆ ತಾಕಿತು. ಆದರೆ ಬಾಗಿಲಲ್ಲಿ ಇಬ್ಬರು ಮಕ್ಕಳು ನಿಂತಿದ್ದರು. ಕಸ್ತೂರಿಗೆ ಹದಿನಾಲ್ಕು, ಬರುವ ವರ್ಷ ದೊಡ್ಡ ಶಾಲೆ. ಚಂಪಾಗೆ ಎಂಟು, ಕಾಲು ದಿನಕ್ಕಿಷ್ಟು ಉದ್ದವಾಗುತ್ತಿರುವ ಹುಡುಗಿ, ಚಪ್ಪಲಿ ಮೂರು ತಿಂಗಳು ಬರುವುದಿಲ್ಲ. ಈ ಮನೆ ನಡೆಯುವುದೇ ಬೇಸಿಗೆಯ ನಾಲ್ಕು ತಿಂಗಳ ಮೇಲೆ.

‘ನಾಳೆ ಮದುವಿಗೆ ನಾನೂರು ಮಂದಿಗೆ ಮಜ್ಜಿಗಿ ಒಪ್ಪಿಕೊಂಡೇನ್ರೀ’ ಎಂದೆ. ‘ಅದೊಂದು ಮುಗೀಲಿ. ಆಮ್ಯಾಲ ನಿಮ್ಮಿಷ್ಟ.’

‘ಐವತ್ತಾರು ವರ್ಷ ನಿಂತಾರ, ಇನ್ನೊಂದಿನ ನಿಲ್ಲತಾರ’ ಎಂದರು. ಆಮೇಲೆ ಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟರು. ‘ಇದು ನಿಮ್ಮಪ್ಪಗ ಮುಟ್ಟಬೇಕಾದದ್ದು. ಯಾಕ ಅಂತ ಆಮ್ಯಾಲ ಹೇಳ್ತೀನಿ.’

ಮುಚ್ಚಳ ತೆಗೆದರೆ ಕರದಂಟು. ಬೆಲ್ಲ, ಅಂಟು, ಕೊಬ್ಬರಿ, ಗೋಡಂಬಿ, ಎಲ್ಲ ಕೂಡಿ ಹಲ್ಲಿಗೆ ಕೆಲಸ ಕೊಡುವಂಥ ಗಟ್ಟಿ ತುಂಡುಗಳು. ಚಂಪಾಳ ಕತ್ತು ಡಬ್ಬಿಯ ಕಡೆಗೆ ತಾನಾಗಿ ತಿರುಗಿತು. ಕಸ್ತೂರಿ ಅದನ್ನು ಕಿತ್ತುಕೊಂಡು ಅಟ್ಟದ ಮೇಲಿಟ್ಟಳು.

ಸುದ್ದಿ ಕೇಳಿ ನಿಂಬೆವ್ವ ಕೈಯಲ್ಲಿ ಹಿಟ್ಟು ಹಾಗೇ ಇಟ್ಟುಕೊಂಡು ಓಡಿಬಂದಳು. ಮುದುಕರಿಗೆ ಅವಳ ಪಡಸಾಲೆಯಲ್ಲೇ ಹಾಸಿಗೆ ಹಾಕಿಸಿದೆವು, ಯಾಕೆಂದರೆ ಅಲ್ಲಿ ನನ್ನ ಅಪ್ಪನ ಇನ್ನೊಂದು ಫೋಟೋ ಇದೆ. ಗಾಳಿ ಎದ್ದ ಒಂದು ಸಂಜೆ ತೆಗೆಸಿದ್ದು, ಅದರ ಎದುರು ಕೂತರೆ ಪಂಖ ಬೇಡ. ಗಿರಿಮಲ್ಲಪ್ಪ ಅದರ ಮುಂದೆ ಬಹಳ ಹೊತ್ತು ನಿಂತಿದ್ದರಂತೆ. ಅಂಗಿ ಪಟಪಟ ಅಂತಿತ್ತಂತೆ. ‘ಮುದುಕ ಆಗಿಬಿಟ್ಟೀಯಲ್ಲೋ ಮಗನ’ ಅಂದರಂತೆ.

ಮರುದಿನ ಮದುವೆಗೆ ಅವರೂ ಬಂದರು. ಸಂದೂಕವನ್ನು ಕೈಗಾಡಿಯ ಮೇಲೆ ಹೇರಿ ಕಂಬಾರ ಓಣಿಗೆ ಒಯ್ದಾಗ, ಯಾರೂ ಹೇಳದೆ ಅದರ ಪಕ್ಕ ಪಹರೆ ನಿಂತಂತೆ ನಿಂತರು. ಮುಚ್ಚಳ ತೆಗೆಯುವಾಗಲೆಲ್ಲ ಬೆನ್ನು ತಿರುಗಿಸುತ್ತಿದ್ದರು, ನಾನು ಹೇಳಬೇಕಾಗಲಿಲ್ಲ. ಹೊತ್ತೇರಿದಂತೆ ಜನ ಹೆಚ್ಚಿತು, ನನಗೂ ಕಸ್ತೂರಿಗೂ ಕೈ ಸಾಲಲಿಲ್ಲ. ಅವರೇ ತೋಳು ಮಡಚಿ ಲೋಟ ಹಂಚಲು ನಿಂತರು.

‘ಸಾಲಿನ್ಯಾಗ ಬರ್ರಿ, ಸಾಲಿನ್ಯಾಗ’ ಅನ್ನುತ್ತಿದ್ದರು. ‘ಏ ಮದುಮಗನ ಮಾವ, ನಿಂದು ಇದು ಮೂರನೇದು.’

‘ಲೆಕ್ಕ ಇಡಬ್ಯಾಡ್ರಿ ಅಜ್ಜಾರ, ಮಗಳ ಮದುವಿ’ ಎಂದು ಅವನು ಇನ್ನೊಂದು ಇಸಿದುಕೊಂಡ. ಕುಡಿದು, ಕಣ್ಣು ಮುಚ್ಚಿ, ಉಸಿರು ಬಿಟ್ಟು, ಲೋಟ ಕೆಳಗಿಟ್ಟು, ‘ಅವರು ಬೆಚ್ಚಗಿರಲಿ’ ಅಂದ.

ಗಿರಿಮಲ್ಲಪ್ಪನ ಕೈ ನಿಂತಿತು. ‘ಯಾರು?’ ಅಂದರು.

‘ಯಾರಂದ್ರ? ಅವ್ರರೀ. ಸಂದೂಕದವ್ರು.’

ಆಮೇಲೆ ಒಂದು ಮುದುಕಿ ಅದನ್ನೇ ಅಂದಳು. ಅಡುಗೆಯವನು ಅಂದ. ವಾಲಗದವರು ಊದುವುದನ್ನು ನಿಲ್ಲಿಸಿ ಕುಡಿದು, ನಾಲ್ವರೂ ಒಟ್ಟಿಗೆ ಅಂದರು. ಇನ್ನೂ ಸರಿಯಾಗಿ ಮಾತು ಬಾರದ ಒಂದು ಮಗುವಿಗೆ ಅವರವ್ವ ಲೋಟ ಹಿಡಿದು, ‘ಅನ್ನು, ಬೆಚ್ಚಗಿರಲಿ ಅನ್ನು’ ಎಂದು ಹೇಳಿಕೊಡುತ್ತಿದ್ದಳು. ನಾವು ದಿನಾ ಕೇಳಿ ಕೇಳಿ ಕಿವಿಗೆ ಹಾಕಿಕೊಳ್ಳದ ಮಾತು. ಅವರು ಪ್ರತಿ ಸಲವೂ ತಲೆಯೆತ್ತಿ ಅಂದವರ ಮುಖ ನೋಡುತ್ತಿದ್ದರು. ನಾನೂರು ಲೋಟ ಮುಗಿಯುವಷ್ಟರಲ್ಲಿ ಅವರ ಉಣ್ಣೆಯ ಟೋಪಿ ಕೈಯಲ್ಲಿತ್ತು.

ಕೈಗಾಡಿ ತಳ್ಳಿಕೊಂಡು ಮನೆಗೆ ಬಂದಾಗ ಸಂಜೆಯ ಹೊತ್ತು. ಸಂದೂಕ ಇಳಿಸಿ ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ‘ಈಗ ನೋಡ್ರಿ’ ಅಂತ ಹೇಳಬೇಕಿತ್ತು, ಸೆರಗು ಕೊಡವುತ್ತ ನಿಂತೆ. ಅವರೇ ಅಂದರು.

‘ತಂಗಿ, ಒಂದು ಮಾತು. ನನಗ ಆ ದಿನದ್ದು ಚಳಿ ಒಂದ ನೆನಪೈತಿ. ಮುಖ ನೆನಪಿಲ್ಲ. ಅಳಾಕತ್ತಿದ್ರೋ ನಡುಗಾಕತ್ತಿದ್ರೋ ಗೊತ್ತಿಲ್ಲ. ನೀ ನೋಡಿ ಹೇಳು. ಎಲ್ಲಾರೂ ನಕ್ಕೋತ ನಿಂತಿದ್ರ ನಾ ನೋಡೂದಿಲ್ಲ. ನಗೋ ಮನುಷ್ಯಾಗ ಅಷ್ಟು ಚಳಿ ಹತ್ತಂಗಿಲ್ಲ. ಇಷ್ಟು ಮಂದಿ ಹರಸೂವಾಗ ನಾ ಯಾರು ಅವ್ರನ್ನ ಅಲ್ಲಿಂದ ಎಬ್ಬಿಸಾಕ? ಆದ್ರ ಒಬ್ಬ ನಗದವ ಇದ್ದರೂ ನಾ ನೋಡಾವ. ಅವನ್ನ ಅಲ್ಲಿ ಬಿಟ್ಟು ಹೋಗಾಕ ನನ್ನಿಂದ ಆಗೂದಿಲ್ಲ.’

ನಿಂಬೆವ್ವ ನನ್ನ ಮೊಣಕೈ ಚಿವುಟಿದಳು. ಅವಳಿಗೂ ಆ ಮೂರನೆಯವನು ಗೊತ್ತು. ಇಬ್ಬರೂ ಚಿಕ್ಕವರಿದ್ದಾಗ ಅವನಿಗೆ ‘ಹಲ್ಲುನೋವಿನ ಮಾಮಾ’ ಎಂದು ಹೆಸರಿಟ್ಟವಳೇ ಅವಳು. ನೀರು ತರುವ ನೆಪದಲ್ಲಿ ನನ್ನನ್ನು ಒಳಗೆ ಎಳೆದೊಯ್ದಳು.

‘ನಗಾಕತ್ತಾರ ಅಂದುಬಿಡು.’

‘ಸುಳ್ಳಲ್ಲೇನು?’

‘ನಿಮ್ಮಪ್ಪಗ ಅಷ್ಟು ವರ್ಷ ಏನು ಹೇಳಿದಿ? ಇನ್ನೊಂದ ಸಲ ಹೇಳಿದ್ರ ನಾಲಿಗಿ ಸವೆಯಂಗಿಲ್ಲ. ಮಕ್ಕಳ ಮಾರಿ ನೋಡ್ಕೊ.’

ಮಕ್ಕಳ ಮುಖ ನೋಡಿದೆ. ಕಸ್ತೂರಿ ಖಾಲಿ ಗಡಿಗೆ ತೊಳೆಯುತ್ತ, ಕೇಳಿಸದವಳ ಹಾಗೆ ಕಿವಿ ಕೊಟ್ಟಿದ್ದಳು. ಚಂಪಾ ಅಟ್ಟದ ಕಡೆ ನೋಡುತ್ತಿದ್ದಳು.

ಹೊರಗೆ ಬಂದು ಮುಚ್ಚಳ ಎತ್ತಿ ನಿಲ್ಲಿಸಿದೆ. ಗಿರಿಮಲ್ಲಪ್ಪ ಅದರ ಹಿಂದೆ, ಅಪ್ಪ ಕೂರುತ್ತಿದ್ದ ಮಣೆಯ ಮೇಲೆಯೇ ಕೂತರು. ಅವರಿಗೆ ಯಾರೂ ಆ ಮಣೆ ತೋರಿಸಿರಲಿಲ್ಲ. ಹಿಮದ ಗಾಳಿ ನನ್ನ ಮುಖಕ್ಕೆ ಬಡಿಯಿತು, ದಿನವಿಡೀ ಬೆವರಿದ ಮೈಗೆ ಹಾಯೆನ್ನಿಸಿತು, ಹಾಯೆನ್ನಿಸಿದ್ದಕ್ಕೆ ನಾಚಿಕೆಯಾಯಿತು.

‘ಮುಂದಿನ ಸಾಲು ಹೇಳು’ ಎಂದರು.

‘ನಡುವ ನಮ್ಮಪ್ಪ. ಎಲ್ಲಾ ಹಲ್ಲು ಕಾಣತಾವ.’

‘ಅವ ಹಂಗ. ಬಲಕ ತುದಿಯವ?’

‘ಸಣ್ಣ ಹುಡುಗ ಕಂಡಂಗ ಕಾಣತಾನ. ಮುಂದಿನ ಎರಡು ಹಲ್ಲಿನ ನಡುವ ಸಂದು. ಕಿವಿ ಟೋಪಿ ಹೊರಗ. ಬಿದ್ದು ಬಿದ್ದು ನಗಾಕತ್ತಾನ.’

‘ಲಚಮ್ಯಾ’ ಎಂದರು. ‘ಹಲ್ಲಾಗ ಸಂದು. ಹೌದು. ಆ ಸಂದಿನಿಂದ ಸೀಟಿ ಹೊಡೀತಿದ್ದ. ಅವನ ಮುಖನ ಮರ್ತಿತ್ತು ನನಗ. ಅವ ಇಳದು ಬರಲಿಲ್ಲ.’ ಆಮೇಲೆ, ‘ಹಿಂದಿನ ಸಾಲು’ ಎಂದರು.

ನಾನು ಎಡದಿಂದ ಶುರು ಮಾಡಿದೆ. ಮೊದಲನೆಯವನು ನಗುತ್ತಿದ್ದಾನೆ. ಎರಡನೆಯವನು ನಗುತ್ತ ಪಕ್ಕದವನ ಕಡೆ ವಾಲಿದ್ದಾನೆ. ಮೂರನೆಯವನ ಹತ್ತಿರ ಬಂದು ನಿಂತೆ. ಅಲ್ಲಿ ಅವನು ಎಂದಿನಂತೆ ಅಪ್ಪನ ಬೆನ್ನ ಹಿಂದೆ ನಿಂತಿದ್ದ, ತುಟಿ ಬಿಗಿದುಕೊಂಡು, ಕಣ್ಣು ಅಗಲಿಸಿಕೊಂಡು. ಒಂದು ಮಾತು ಸಾಕಿತ್ತು. ಆ ಮಾತು ಬಾಯಲ್ಲಿ ಪಾಠವಾಗಿಬಿಟ್ಟಿತ್ತು, ತಾನಾಗಿಯೇ ಹೊರಬೀಳುತ್ತಿತ್ತು. ಆದರೆ ಮುಚ್ಚಳದ ಆಚೆ ಕೂತ ಮನುಷ್ಯ ಆ ಮುಖಗಳಿಗಾಗಿಯೇ ಗುಡ್ಡ ಇಳಿದು ಬಂದಿದ್ದ. ಏಳು ವರ್ಷದವಳು ಹೇಳಬಹುದಾದದ್ದನ್ನು ನಲವತ್ನಾಲ್ಕರ ಹೆಂಗಸು ಹೇಳಲಿಕ್ಕಾಗುವುದಿಲ್ಲ.

‘ಒಬ್ಬ ನಗಾಕತ್ತಿಲ್ರೀ’ ಎಂದೆ.

ನಿಂಬೆವ್ವ ಹಣೆ ಬಡಿದುಕೊಂಡಳು. ಮಣೆ ಕಿರ್ರೆಂದಿತು, ಅವರು ಎದ್ದು ನಿಂತಿದ್ದರು. ಬಿಳಿ ಬೂಟಿನ ತುದಿ ಸಂದೂಕದ ಪಕ್ಕದಲ್ಲಿ ಕಂಡಿತು. ನಾನು ಸರಿದು ಜಾಗ ಬಿಟ್ಟೆ.

‘ಯಾರವ?’ ಎಂದರು, ಇನ್ನೂ ಮರೆಯಲ್ಲಿ ನಿಂತೇ.

‘ಎಡದಿಂದ ಮೂರನೇದವ. ನಮ್ಮಪ್ಪನ ಬೆನ್ನಿಗೆ ನಿಂತಾನ. ಒಂದು ಕೈ ಹಿಂದ ಮುಚ್ಚಿಕೊಂಡಾನ. ನೋವು ಐತೋ ಏನೋ, ಕೆನ್ನಿ ಬಾತೈತಿ.’

ಬೂಟು ಅಲ್ಲೇ ನಿಂತಿತು.

‘ಯಾವ ಕೆನ್ನಿ?’

‘ಎಡಕಿನ ಕೆನ್ನಿ.’

‘ನಿಮ್ಮಪ್ಪನ ಪಕ್ಕದಾಗ ಡಬ್ಬಿ ಐತೇನು ನೋಡು. ಅದರ ಮುಚ್ಚಳ ಹ್ಯಾಂಗೈತಿ?’

ಸಾವಿರ ಸಲ ನೋಡಿದ ಡಬ್ಬಿಯನ್ನು ಬಗ್ಗಿ ನೋಡಿದೆ. ‘ವಾರಿ ಆಗೈತ್ರೀ. ಸರಿಯಾಗಿ ಮುಚ್ಚಿಲ್ಲ.’

ಬೂಟು ಹಿಂದೆ ಸರಿಯಿತು. ಮಣೆ ಮತ್ತೆ ಕಿರ್ರೆಂದಿತು. ಆಮೇಲೆ ಮುಚ್ಚಳ ಅಲುಗಾಡತೊಡಗಿತು, ಅವರು ಅದಕ್ಕೆ ಆತುಕೊಂಡಿದ್ದರು. ಅಳುತ್ತಿದ್ದಾರೆಂದು ನಾನು ಹೆದರಿ ಮುಚ್ಚಳದ ಹಿಂದಕ್ಕೆ ಓಡಿದೆ. ಗಿರಿಮಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಉಸಿರು ಸಿಕ್ಕದೆ ಕೈ ಬೀಸಿ ನೀರು ಕೇಳಿದರು.

‘ಅದು ನಾನವ್ವಾ’ ಎಂದರು. ‘ನಾನ ಅವ.’

ನೀರು ಕುಡಿದು ಹೇಳಿದರು. ಅಪ್ಪನಿಗೆ ಊರಿನಿಂದ ಅವನವ್ವ ಒಂದು ಡಬ್ಬಿ ಕರದಂಟು ಕಳಿಸಿದ್ದಳಂತೆ. ಹನ್ನೊಂದು ಮಂದಿಗೆ ಹನ್ನೊಂದು ತುಂಡು. ಅಪ್ಪ ಬೆಳಿಗ್ಗೆ ಎಣಿಸಿ ಎಲ್ಲರಿಗೂ ತೋರಿಸಿ, ‘ಫೋಟೋ ಆದ ಮ್ಯಾಲ’ ಎಂದು ಪಕ್ಕಕ್ಕಿಟ್ಟುಕೊಂಡು ಕೂತ. ಫೋಟೋದವನು ಕರಿ ಬಟ್ಟೆಯೊಳಗೆ ತಲೆ ಹಾಕಿ ತಡಮಾಡುತ್ತಿದ್ದ. ಹಿಂದೆ ನಿಂತವನ ಕೈ ಡಬ್ಬಿಗೆ ನಿಲುಕುತ್ತಿತ್ತು. ಆಮೇಲೆ ತೆಗೆದು ನೋಡಿದರೆ ಹತ್ತೇ. ಅಪ್ಪ ಹತ್ತು ಮಂದಿಗೆ ಹಂಚಿ, ತಾನು ಡಬ್ಬಿಯ ತಳದ ಪುಡಿ ನೆಕ್ಕಿದ.

‘ನಾ ಎರಡನೇದೂ ತಿಂದೆ’ ಎಂದರು ಗಿರಿಮಲ್ಲಪ್ಪ. ‘ಬ್ಯಾಡ ಅಂದ್ರ ಸಂಶೆ ಬರತಿತ್ತು. ಕದ್ದದ್ದು ನೆನಪಿತ್ತು ತಂಗಿ, ಅದಕ್ಕ ಡಬ್ಬಿ ತಂದೆ. ಫೋಟೋ ಹೊತ್ತಿನ್ಯಾಗ ಅದು ಬಾಯಾಗಿತ್ತು ಅನ್ನೂದು ಮರ್ತಹೋಗಿತ್ತು. ಆ ಚಳಿಗೆ ಕಲ್ಲಾಗಿತ್ತದು. ನಗ್ರೀ ಅಂತಾನ ಫೋಟೋದವ, ನಾ ಹ್ಯಾಂಗ ಬಾಯಿ ತಗೀಲಿ? ಫಕ್ಕೀರಪ್ಪ ಯಾವತ್ತಿದ್ರೂ ಕಳ್ಳನ್ನ ಹಿಡೀತೇನಿ ಅಂತಿದ್ದ. ಫೋಟೋದಾಗ ನಗಲಾರದವ ಯಾರೋ ಅವನ ಕಳ್ಳ ಅಂತಿದ್ದ.’

ನಾನು ಸಂದೂಕದ ಅಂಚು ಹಿಡಿದು ಕೂತೆ. ಎಲ್ಲಾರೂ ನಗಾಕತ್ತಾರೇನು, ಸರಿಯಾಗಿ ನೋಡು, ಅವಸರ ಮಾಡಬ್ಯಾಡ. ಮೂವತ್ನಾಲ್ಕು ವರ್ಷ. ಆ ‘ಹೂಂ’ ಸಮಾಧಾನದ್ದಾಗಿರಲಿಲ್ಲ. ಕಳ್ಳ ಈ ವರ್ಷವೂ ತಪ್ಪಿಸಿಕೊಂಡ ಅನ್ನುವ ಹೂಂ ಅದು. ಅಪ್ಪನ ಊಟ ಕೆಡಬಾರದೆಂದು ಅವನ ಕಳ್ಳನನ್ನು ನಾನೇ ಬಚ್ಚಿಟ್ಟಿದ್ದೆ. ಇದನ್ನು ಹೇಳಿದ ಮೇಲೆ ಗಿರಿಮಲ್ಲಪ್ಪನವರಿಗೆ ಮತ್ತೊಂದು ಚೊಂಬು ನೀರು ಬೇಕಾಯಿತು. ನಿಂಬೆವ್ವ ಕಂಬಕ್ಕೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನೂ ನಕ್ಕೆ, ನಡುವೆ ಒಂದಿಷ್ಟು ಅತ್ತೆ, ಯಾವುದು ಯಾವಾಗ ಅಂತ ಗೊತ್ತಾಗಲಿಲ್ಲ.

‘ಹಂಗಾದ್ರ ನೋಡ್ತೀರೇನ್ರೀ?’ ಎಂದು ಕೊನೆಗೆ ಕೇಳಿದೆ.

‘ಯಾಕ ನೋಡ್ಲಿ? ಹತ್ತೂ ಮಂದಿ ನಗಾಕತ್ತಾರ. ಹನ್ನೊಂದನೇದವಗ ಬಾಯಿ ತುಂಬ ಕರದಂಟು. ಅವನಷ್ಟು ಸುಖವಾಗಿ ಅಲ್ಲಿ ಯಾರೂ ಇಲ್ಲ.’ ಅವರೇ ಕೈ ಚಾಚಿ, ಮುಖ ಆಚೆ ತಿರುಗಿಸಿಕೊಂಡು, ಮುಚ್ಚಳವನ್ನು ಮೆಲ್ಲಗೆ ಇಳಿಸಿ ಮುಚ್ಚಿದರು. ಮೇಲೆ ಎರಡು ಸಲ ತಟ್ಟಿದರು, ಮಲಗಿದವರ ಬೆನ್ನು ತಟ್ಟಿದ ಹಾಗೆ.

ಮಾರನೆಯ ದಿನ ಅವರ ಬಸ್ಸು ಇದ್ದದ್ದು ಎರಡು ಗಂಟೆಗೆ. ನನಗೆ ಬೆಳಿಗ್ಗೆ ಗಡಿಗೆ ಇಳಿಸುವಾಗ ಹೊಳೆಯಿತು. ಸ್ಟುಡಿಯೋದ ದಸ್ತಗೀರನಿಗೆ ಹೇಳಿಕಳಿಸಿದೆ. ಈ ತಿಂಗಳಲ್ಲಿ ಅವನಿಗೆ ಕೆಲಸವಿರುವುದಿಲ್ಲ. ನೊಣ ಹೊಡೆಯುತ್ತ ಕೂತಿರುತ್ತಾನೆ. ಆದರೂ ಬಂದವನು ಮುಗಿಲು ನೋಡಿ ಮುಖ ಕಿವುಚಿದ.

‘ಸಾವಂತ್ರಕ್ಕ, ಇದು ಫೋಟೋ ತೆಗಿಯೋ ಹೊತ್ತೇನು? ಇದರಾಗ ಹೋಳಿಗಿ ಬೇಯತಾವ.’

‘ಅದಕ್ಕ ಕರದದ್ದು. ಎಷ್ಟು ಸುಡುತೈತೋ ಅಷ್ಟು ಚಲೋ. ಗುಡ್ಡದ ಊರಿಗೆ ಹೋಗೂದೈತಿ, ಮಂಚದ ಎದುರಿಗೆ ತೂಗು ಹಾಕೂದೈತಿ. ಅಜ್ಜಾರ ಮೊಣಕಾಲಿಗೆ.’

ಗಿರಿಮಲ್ಲಪ್ಪ ಏನೋ ಹೇಳಲು ಹೋಗಿ, ಟೋಪಿಯನ್ನು ಎರಡು ಸಲ ತೆಗೆದು ಹಾಕಿಕೊಂಡರು. ‘ನನಗ ನೋಡಾಕ ಬರೂದಿಲ್ಲಲ್ಲ’ ಎಂದರು.

‘ಮೊಮ್ಮಗಳನ್ನ ಮುಂದ ನಿಲ್ಲಿಸಿ ಕೇಳ್ರಿ. ಸರಿಯಾಗಿ ನೋಡಿ ಹೇಳು ಅಂತ ಮೊದಲ ಹೇಳ್ರಿ.’

ದಸ್ತಗೀರ ನಡುಹಗಲಿನ ತನಕ ಕಾದ. ಅಂಗಳದ ನಡುವೆ, ಬೇವಿನ ನೆರಳು ತಾಗದ ಕಡೆ, ಕುರ್ಚಿ ಹಾಕಿ ಗಿರಿಮಲ್ಲಪ್ಪನವರನ್ನು ಕೂರಿಸಿದ. ಹಿಂದೆ ನಾನು, ನನ್ನ ಬಲಕ್ಕೆ ಕಸ್ತೂರಿ, ಎಡಕ್ಕೆ ಚಂಪಾ. ಕರೆಯದಿದ್ದರೂ ನಿಂಬೆವ್ವ ಬಂದು ತುದಿಗೆ ನಿಂತಳು, ‘ಈ ಫೋಟೋ ಅಷ್ಟು ದೂರ ಹೊಕ್ಕೈತಿ, ಅಲ್ಲಿಗಂತೂ ಏಣಿ ಕೇಳಾಕ ಹೋಗಂಗಿಲ್ಲ’ ಎಂದು ಗಂಡನನ್ನೂ ಎಳೆದುಕೊಂಡಳು. ನೆತ್ತಿ ಕಾದು ಎಣ್ಣೆ ಇಳಿಯುತ್ತಿತ್ತು. ಅಂಗಾಲು ನೆಲಕ್ಕಿಡುವ ಹಾಗಿರಲಿಲ್ಲ. ಇಷ್ಟು ಬಿಸಿಲು ಒಟ್ಟುಮಾಡಿ ಕಳಿಸುತ್ತಿದ್ದೇನೆಂದು ನನಗೆ ಹೆಮ್ಮೆ.

‘ನಗ್ರೀ’ ಎಂದ ದಸ್ತಗೀರ, ಕ್ಯಾಮರಾದ ಹಿಂದಿನಿಂದ. ನಾವು ನಕ್ಕೆವು. ಅವನು ಒತ್ತಲಿಲ್ಲ. ತಲೆ ಹೊರಗೆ ಹಾಕಿ ನೋಡಿದ, ಮತ್ತೆ ಒಳಗೆ ಹಾಕಿದ.

‘ಎಲ್ಲಾರೂ ನಗಾಕತ್ತೀರಿ’ ಎಂದ. ‘ಒಬ್ಬಾಕಿ ಬಿಟ್ಟು.’

ನಾನು ಕತ್ತು ತಿರುಗಿಸಲಿಲ್ಲ. ಅಟ್ಟದ ಮೇಲೆ ಡಬ್ಬಿಯ ಮುಚ್ಚಳ ಹೇಗಿದೆ ಎಂದು ನೋಡಲು ಹೋಗಬೇಕಾಗಿಯೂ ಇರಲಿಲ್ಲ. ಮುಂದೆ ಕುರ್ಚಿಯಲ್ಲಿ ಗಿರಿಮಲ್ಲಪ್ಪನವರ ಭುಜ ಅಲುಗತೊಡಗಿತು. ಅವರೂ ತಿರುಗಲಿಲ್ಲ, ಕ್ಯಾಮರಾವನ್ನೇ ನೋಡುತ್ತ, ಪಹರೆಯವನ ಹಾಗೆ ನೆಟ್ಟಗೆ ಕೂತು ಕೇಳಿದರು.

‘ಯಾವ ಕೆನ್ನಿ?’